ರೀಲಿನ ಪೆಟ್ಟಿಗೆ ಹೋಯಿತು, ಸಿನೆಮಾ ಬಂತೇ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೊಮೀಟರು. ಒಂದು ಕನ್ನಡ ಸಿನೆಮಾ ನೋಡಬೇಕೆಂದು ಹೊರಟವರಿಗೆ ಈ ದಾರಿ ಎಷ್ಟು ಉದ್ದವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ತಲಪಾಡಿ ದಾಟಿ, ಪೇಟೆಯೊಳಗೆ ಇಳಿದು, ಚಿತ್ರಮಂದಿರ ಹುಡುಕಿ ಹೋದರೆ ಅಲ್ಲಿ ಆ ಚಿತ್ರ ಬೆಳಗ್ಗಿನ ಒಂದೇ ಆಟಕ್ಕೆ ಇತ್ತು, ನಿನ್ನೆಗೆ ತೆಗೆದರು ಎಂಬ ಉತ್ತರ ಸಿಕ್ಕಿ ಹಿಂದಿರುಗಿದ ಅನುಭವ ನಮಗೂ ಇದೆ.

ದೊಡ್ಡ ಚಿತ್ರಗಳಿಗೆ ಈ ಕಷ್ಟವಿಲ್ಲ. ಅವು ತಾವಾಗಿ ಗಡಿ ದಾಟುತ್ತವೆ. 2022ರಲ್ಲಿ 'ಕಾಂತಾರ' ಮಲಯಾಳಕ್ಕೆ ಡಬ್ ಆಗಿಯೂ ಕೇರಳದಲ್ಲಿ ಓಡಿತು. ಕರಾವಳಿಯ ಕಾಡಂಚಿನ ಜನ ಶುದ್ಧ ಮಲಯಾಳ ಮಾತನಾಡುವುದನ್ನು ಕೇಳಿ ನಮ್ಮವರು ಕೆಲವರು ನಕ್ಕದ್ದೂ ಉಂಟು. ನಾವು ಇಲ್ಲಿ ಹೇಳಹೊರಟಿರುವುದು ಅಂತಹ ಚಿತ್ರಗಳ ಮಾತಲ್ಲ. ತಾರೆಯರಿಲ್ಲದೆ, ದೊಡ್ಡ ಬಂಡವಾಳವಿಲ್ಲದೆ, ನಾಲ್ಕಾರು ಮಂದಿ ಹಟ ಹಿಡಿದು ಮಾಡುವ ಸಣ್ಣ ಚಿತ್ರಗಳ ಮಾತು. ಫೋನೇ ಪರದೆಯಾಗಿರುವ ಈ ಕಾಲದಲ್ಲಿ ಅವು ನಮ್ಮ ಮನೆಯ ಜಗಲಿಗೆ ಸುಲಭವಾಗಿ ಬರಬೇಕಿತ್ತು. ಬರುತ್ತಿವೆಯೇ?

ಹಿಂದಿನ ವ್ಯವಸ್ಥೆಯನ್ನು ಒಮ್ಮೆ ನೆನೆಯೋಣ. ಸಿನೆಮಾ ಎಂದರೆ ಆಗ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಹದಿನಾಲ್ಕೋ ಹದಿನಾರೋ ರೀಲು. ಪೆಟ್ಟಿಗೆ ಮೊದಲು ನಗರಕ್ಕೆ, ಆಮೇಲೆ ಪೇಟೆಗೆ, ಕೊನೆಗೆ ಗೀರುಗಳ ಮಳೆ ಸುರಿಸುತ್ತ ಹಳ್ಳಿಯ ಟಾಕೀಸಿಗೆ ಬರುತ್ತಿತ್ತು. ರೀಲಿನ ಕೊನೆಯ ವರ್ಷಗಳಲ್ಲಿ ಒಂದು ಪ್ರಿಂಟಿಗೆ 60–70 ಸಾವಿರ ರೂಪಾಯಿ ಬೀಳುತ್ತಿತ್ತು. ಹತ್ತು ಊರುಗಳಲ್ಲಿ ಒಟ್ಟಿಗೆ ತೋರಿಸಬೇಕಾದರೆ ಹತ್ತು ಪ್ರಿಂಟು ಬೇಕು. ಸಣ್ಣ ನಿರ್ಮಾಪಕ ಎರಡು ಮೂರು ಪ್ರಿಂಟಿಗೇ ಸುಸ್ತು. ಹಂಚಿಕೆದಾರ ಕೈ ಹಿಡಿಯದಿದ್ದರೆ ಪೆಟ್ಟಿಗೆ ಮದ್ರಾಸಿನ ಲ್ಯಾಬೊರೇಟರಿಯಲ್ಲಿಯೇ ಉಳಿಯಿತು.

ಈಗ ಆ ಪೆಟ್ಟಿಗೆಯೇ ಇಲ್ಲ. 2005ರ ಆಸುಪಾಸಿನಿಂದ ನಮ್ಮ ದೇಶದಲ್ಲಿ ಉಪಗ್ರಹದ ಮೂಲಕ ಚಿತ್ರಮಂದಿರಗಳಿಗೆ ಸಿನೆಮಾ ಕಳುಹಿಸುವ ಪದ್ಧತಿ ಆರಂಭವಾಗಿ, ಮುಂದಿನ ಹತ್ತು ವರ್ಷಗಳೊಳಗೆ ರೀಲು ಬಹುತೇಕ ಮೂಲೆ ಸೇರಿತು. ಚಿತ್ರ ಈಗ ಒಂದು ಕಡತ. ಅದಕ್ಕೆ ಬೀಗ, ಇಂಥ ಮಂದಿರದಲ್ಲಿ ಇಂತಿಷ್ಟು ದಿನ ಮಾತ್ರ ತೆರೆಯುವ ಒಂದು ಕೀಲಿಯನ್ನು ಬೇರೆಯಾಗಿ ಕಳುಹಿಸುತ್ತಾರೆ. ಪ್ರಿಂಟಿನ ಖರ್ಚು ಉಳಿಯಿತೆಂದು ಸಣ್ಣವರು ಹಿಗ್ಗಿದ್ದು ಸಹಜ. ಆದರೆ ಮಂದಿರಕ್ಕೆ ಯಂತ್ರ ಒದಗಿಸಿದ ಕಂಪೆನಿಗಳಿಗೆ ನಿರ್ಮಾಪಕ 'ವರ್ಚುವಲ್ ಪ್ರಿಂಟ್ ಫೀ' ಎಂದು ಬಾಡಿಗೆ ಕಟ್ಟಬೇಕಾಯಿತು. ಪ್ರಿಂಟು ಹೋದರೂ ಪ್ರಿಂಟಿನ ಹೆಸರಿನ ಬಿಲ್ಲು ಉಳಿಯಿತು.

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಪ್ರಿಂಟಿಗೆ ಖರ್ಚಿಲ್ಲವಾದಾಗ ದೊಡ್ಡ ಚಿತ್ರಗಳಿಗೂ ಖರ್ಚಿಲ್ಲವಾಯಿತಷ್ಟೆ! ಹಿಂದೆ ಐವತ್ತು ಮಂದಿರಗಳಲ್ಲಿ ಬರುತ್ತಿದ್ದ ಚಿತ್ರ ಒಂದೇ ಶುಕ್ರವಾರ ಸಾವಿರಾರು ಪರದೆಗಳನ್ನು ಆವರಿಸಿತು. ಸಣ್ಣ ಚಿತ್ರಕ್ಕೆ ಉಳಿದದ್ದು ಬೆಳಗ್ಗೆ 10 ಗಂಟೆಯ ಒಂದು ಆಟ. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬರುವುದುಂಟೇ? ಬರಲಿಲ್ಲವೆಂದು ಸೋಮವಾರ ಚಿತ್ರ ತೆಗೆಯುತ್ತಾರೆ.

ಹಣ ಹಂಚಿಕೊಳ್ಳುವ ಲೆಕ್ಕವೂ ಹಾಗೆಯೇ ಇದೆ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್ ಮಾಲಕರಿಗೂ ಜಗಳವಾಗಿ ಕೊನೆಗೆ ಒಂದು ಒಪ್ಪಂದ ಆಯಿತು. ಮೊದಲ ವಾರದ ಸಂಗ್ರಹದಲ್ಲಿ ನಿರ್ಮಾಪಕರ ಕಡೆಗೆ ನೂರಕ್ಕೆ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಅನಂತರ 30. ದೊಡ್ಡ ಚಿತ್ರ ಮೊದಲ ಮೂರು ದಿನಗಳಲ್ಲಿಯೇ ದುಡ್ಡು ಬಾಚುವುದರಿಂದ ಅದಕ್ಕೆ ಇದು ಅನುಕೂಲ. ಸಣ್ಣ ಚಿತ್ರಕ್ಕೆ ಪ್ರಚಾರವೆಂದರೆ ನೋಡಿದವರ ಬಾಯಿಮಾತು ಮಾತ್ರ. ಬಾಯಿಮಾತು ಹರಡಿ ಜನ ಬರುವುದು ಎರಡನೆಯ, ಮೂರನೆಯ ವಾರಕ್ಕೆ. ಅಂದರೆ ಜನ ಬರುವ ಹೊತ್ತಿಗೆ ಪಾಲು ಇಳಿದಿರುತ್ತದೆ. ಅಷ್ಟು ದಿನ ಚಿತ್ರ ಮಂದಿರದಲ್ಲಿ ಉಳಿದರೆ ತಾನೆ ಆ ಮಾತು.

ಹತ್ತು ಸಮಸ್ತರ ಆಟ

ಈ ಇಕ್ಕಟ್ಟಿನಿಂದ ದಾರಿ ಹುಡುಕಿದವರು ಇದ್ದಾರೆ. ಕನ್ನಡದಲ್ಲಿ ಮೊದಲು ನೆನಪಾಗುವುದು ಪವನ್ ಕುಮಾರ್ ಅವರ 'ಲೂಸಿಯಾ'. ಕಥೆ ಹಿಡಿದು ನಿರ್ಮಾಪಕರ ಬಾಗಿಲು ತಟ್ಟಿ ಬೇಸತ್ತ ಅವರು ತಮ್ಮ ಅಸಮಾಧಾನವನ್ನು ಅಂತರ್ಜಾಲದಲ್ಲಿ ಬರೆದರು. ಓದಿದವರು ನಾವು ಹಣ ಹಾಕುತ್ತೇವೆ ಎಂದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಕೂಡಿತು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಅದು ಹತ್ತು ಸಮಸ್ತರ ಆಟ. ಒಬ್ಬನ ಹರಕೆಯಲ್ಲ, ಊರವರೆಲ್ಲ ಸೇರಿ ಆಡಿಸಿದ್ದು. ಚಿತ್ರ 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು ಸೆಪ್ಟೆಂಬರದಲ್ಲಿ ತೆರೆಗೆ ಬಂತು. ಮುಂದೆ ತಮಿಳಿಗೂ ಹೋಯಿತು.

ಇಲ್ಲಿ ಹಣಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಹಣ ಹಾಕಿದ 110 ಮಂದಿ ಬರಿದೆ ಸಾಲಗಾರರಾಗಿರಲಿಲ್ಲ. ಚಿತ್ರೀಕರಣ ಆರಂಭವಾಗುವ ಮೊದಲೇ ಅವರು ಅದರ ಪ್ರಚಾರಕರಾಗಿದ್ದರು. ತನ್ನ ದುಡ್ಡು ಇರುವ ಚಿತ್ರವನ್ನು ಯಾರು ತಾನೆ ನೆಂಟರಿಷ್ಟರಿಗೆ ಹೇಳದೆ ಇದ್ದಾರು? ಚಿತ್ರ ಮುಗಿಸಿ ಆಮೇಲೆ ಪ್ರೇಕ್ಷಕರನ್ನು ಹುಡುಕುವುದು ಹಳೆಯ ಕ್ರಮ. ಪ್ರೇಕ್ಷಕರನ್ನು ಕೂಡಿಸಿಕೊಂಡು ಆಮೇಲೆ ಚಿತ್ರ ಮಾಡುವುದು 'ಲೂಸಿಯಾ'ದ ಕ್ರಮ.

ಇದು ಹೊಸ ತಂತ್ರಜ್ಞಾನ ಕಲಿಸಿದ ಪಾಠವೆಂದು ತಿಳಿಯಬೇಕಾಗಿಲ್ಲ. ನಾವಿರುವ ಈ ಕೇರಳದಲ್ಲಿಯೇ 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 'ಒಡೆಸ್ಸಾ' ಎಂಬ ಕೂಟ ಕಟ್ಟಿ, ಊರೂರಲ್ಲಿ ಚಾಪ್ಲಿನ್ನನ 'ದಿ ಕಿಡ್' ತೋರಿಸಿ, ಜನರ ಮುಂದೆ ಕೈಯೊಡ್ಡಿ ಹಣ ಕೂಡಿಸಿದರು. ಆ ಹಣದಿಂದಾದ 'ಅಮ್ಮ ಅರಿಯಾನ್' 1986ರಲ್ಲಿ ಜನರ ನಡುವೆಯೇ ಹೋಗಿ ತೋರಿಸಲ್ಪಟ್ಟಿತು. ಕನ್ನಡದಲ್ಲಿ ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿ, 1983ರಿಂದ 85ರ ವರೆಗೆ 'ಜನಸ್ಪಂದನ' ಯೋಜನೆಯಲ್ಲಿ ಹಳ್ಳಿ ಹಳ್ಳಿಗೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಹೊತ್ತೊಯ್ದಿತು. 'ಲೂಸಿಯಾ'ದ ನಾಯಕನಟ ಸತೀಶ್ ತಮ್ಮ ಹೆಸರಿನೊಂದಿಗೆ ನೀನಾಸಂ ಎಂದು ಇಟ್ಟುಕೊಂಡದ್ದು ಅಲ್ಲಿ ಕಲಿತ ಕಾರಣದಿಂದಲೇ.

2014ರಲ್ಲಿ ಸನಲ್ ಕುಮಾರ್ ಶಶಿಧರನ್ 'ಒರಾಳ್‌ಪ್ಪೊಕ್ಕಂ' ಎಂಬ ಮಲಯಾಳ ಚಿತ್ರ ಮಾಡಿದಾಗ ಹಣ ಕೂಡಿದ್ದು ಅಂತರ್ಜಾಲದ ಗೆಳೆಯರಿಂದ. ತೋರಿಸಿದ್ದು ಮಾತ್ರ ಒಂದು ಗಾಡಿಯಲ್ಲಿ. ಪರದೆ, ಯಂತ್ರಗಳನ್ನು ಹೇರಿಕೊಂಡು ಆ 'ಸಿನೆಮಾ ವಂಡಿ' ಕೇರಳದ ಊರುಗಳಲ್ಲಿ ತಿರುಗಿತು. ಹಣ ತರಲು ಹೊಸ ದಾರಿ, ಚಿತ್ರ ತೋರಿಸಲು ನಮ್ಮ ಬಯಲಾಟದವರ ಹಳೆಯ ದಾರಿ. ನಮಗೆ ಇದು ಬಹಳ ಮೆಚ್ಚುಗೆಯಾದ ಸಂಗತಿ.

ಎರಡು ಕಥೆ, ನಡುವೆ ಒಂದು ಗಡಿ

ಈಗ ನಮ್ಮ ಜಿಲ್ಲೆಗೆ ಬರೋಣ. ಕಾಞಂಗಾಡಿನ ಸೆನ್ನ ಹೆಗ್ಡೆ ಅವರ ಹೆಸರು ಓದುಗರಿಗೆ ತಿಳಿದಿರಬಹುದು. 2018ರಲ್ಲಿ 'ಕಥೆಯೊಂದು ಶುರುವಾಗಿದೆ' ಎಂಬ ಕನ್ನಡ ಚಿತ್ರ ಮಾಡಿದವರು. ಆಮೇಲೆ ತಮ್ಮ ಊರಿನಲ್ಲಿಯೇ, ಹೆಚ್ಚಾಗಿ ಹೊಸಬರನ್ನು ಸೇರಿಸಿಕೊಂಡು, ಕಾಞಂಗಾಡಿನ ಆಡುಮಾತಿನ ಮಲಯಾಳದಲ್ಲಿ 'ತಿಂಗಳಾಳ್ಚ ನಿಶ್ಚಯಂ' ಮಾಡಿದರು. ಒಂದು ಮನೆಯ ನಿಶ್ಚಿತಾರ್ಥದ ಗಡಿಬಿಡಿಯ ಕಥೆ. ತಿರುವನಂತಪುರದವರಿಗೇ ಕೆಲವು ಮಾತು ತಿಳಿಯದಂತಹ ಉಚ್ಚಾರ. ಆ ಚಿತ್ರ 2021ರ ಅಕ್ಟೋಬರದಲ್ಲಿ ಸೋನಿ ಲಿವ್ ಎಂಬ ದೊಡ್ಡ ವೇದಿಕೆಯಲ್ಲಿ ಬಂದು, ಊರೂರಲ್ಲಿ ಮಾತಾಗಿ, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಅದೇ 2021ರ ಅಕ್ಟೋಬರದ ಹೊತ್ತಿಗೆ ತಲಪಾಡಿಯ ಆಚೆ ಇನ್ನೊಂದು ಕೆಲಸ ಮುಗಿದಿತ್ತು. ಕರಾವಳಿಯ ಬದುಕಿನ ಏಳು ಕಥೆಗಳ 'ಏಕಂ' ಎಂಬ ಕನ್ನಡ ಸರಣಿ. ನಿರ್ಮಾಪಕರಲ್ಲಿ ರಕ್ಷಿತ್ ಶೆಟ್ಟಿ, ಹೆಸರಿಗೆ ಕೊರತೆಯಿಲ್ಲ. ಸರಣಿಯಾದ್ದರಿಂದ ಸಿನೆಮಾ ಅಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು, ಆದರೆ ಮಾರುಕಟ್ಟೆಯ ಕಷ್ಟ ಒಂದೇ. ಅದನ್ನು ಕೊಳ್ಳಲು ಯಾವ ವೇದಿಕೆಯೂ ಮುಂದೆ ಬರಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕಾದು, ಕೊನೆಗೆ 2024ರ ಜುಲೈ 13ರಂದು ಅವರೇ ಸ್ವಂತ ಜಾಲತಾಣ ಕಟ್ಟಿ, 149 ರೂಪಾಯಿಗೆ ನೇರವಾಗಿ ನೋಡುವವರಿಗೆ ಮಾರಿದರು. ಅಂಗಡಿಯವನು ಅಡಿಕೆ ತೆಗೆದುಕೊಳ್ಳದಿದ್ದಾಗ ಬೆಳೆಗಾರನೇ ಪೇಟೆಯಲ್ಲಿ ಚೀಲ ಬಿಚ್ಚಿ ಕೂತಂತೆ.

ಒಂದೇ ಕರಾವಳಿ, ಹೆಚ್ಚು ಕಡಿಮೆ ಒಂದೇ ಬಗೆಯ ಮನೆ, ತೋಟ, ಮಳೆ. ಒಂದು ಮಲಯಾಳ ಮಾತಾಡಿದ್ದರಿಂದ ಕೂಡಲೇ ಮನೆಮನೆಗೆ ಹೋಯಿತು, ಇನ್ನೊಂದು ಕನ್ನಡ ಮಾತಾಡಿದ್ದರಿಂದ ಕಾಯಿತು. ಮಲಯಾಳ ಚಿತ್ರದ ಗುಣದ ಬಗ್ಗೆ ನಮಗೆ ಅಸೂಯೆಯಿಲ್ಲ. ನಾವು ಅದನ್ನು ಎರಡು ಸಲ ನೋಡಿದ್ದೇವೆ. ಆದರೆ ಗುಣವೊಂದೇ ಇದಕ್ಕೆ ಕಾರಣವೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಕನ್ನಡಿಗರು ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲವನ್ನೂ ನೋಡುತ್ತಾರೆ, ಕನ್ನಡದ್ದನ್ನು ದುಡ್ಡು ಕೊಟ್ಟು ನೋಡುವವರು ಕಡಿಮೆ ಎಂಬುದು ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ನಾವಂತೂ ಮೂರು ನಾಲ್ಕು ಭಾಷೆ ಬಲ್ಲವರು. ನಮ್ಮ ಈ ಜಾಣತನವೇ ನಮ್ಮ ಭಾಷೆಯ ಚಿತ್ರಕ್ಕೆ ಮುಳುವಾದದ್ದು ವಿಚಿತ್ರ.

ವೇದಿಕೆ ಸಣ್ಣದಾದರೂ ಚಿತ್ರ ಮುಳುಗಬೇಕಾಗಿಲ್ಲ ಎಂಬುದಕ್ಕೂ ಮಲಯಾಳದಲ್ಲಿಯೇ ಉದಾಹರಣೆ ಇದೆ. ಜಿಯೋ ಬೇಬಿ ಅವರ 'ದಿ ಗ್ರೇಟ್ ಇಂಡಿಯನ್ ಕಿಚನ್' ದೊಡ್ಡ ವೇದಿಕೆಗಳು ನಿರಾಕರಿಸಿದ್ದರಿಂದ 2021ರ ಜನವರಿ 15ರಂದು 'ನೀಸ್ಟ್ರೀಮ್' ಎಂಬ ಹೊಸ ಸಣ್ಣ ವೇದಿಕೆಯಲ್ಲಿ ಬಂತು. ಅಡುಗೆಮನೆಯ ಕಥೆಯಾದ್ದರಿಂದ ಅಡುಗೆಮನೆಯಿಂದ ಅಡುಗೆಮನೆಗೆ ಮಾತು ಹಬ್ಬಿತು. ಕೆಲವೇ ತಿಂಗಳಲ್ಲಿ ಅಮೆಜಾನ್ ಪ್ರೈಮ್ ಅದನ್ನು ತಾನೂ ತೋರಿಸಿತು.

ಕನ್ನಡದ ಸಣ್ಣ ಚಿತ್ರಗಳಿಗೆ ಈಚೆಗೆ ಉಳಿದಿರುವ ದಾರಿ ಪರದೇಶದ ಉತ್ಸವ. ಮಂಡ್ಯದ ಕಡೆಯ ಹಳ್ಳಿಗರೇ ಅಭಿನಯಿಸಿದ ರಾಮ್ ರೆಡ್ಡಿ ಅವರ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದು, 2016ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಶಾಲೆಯ ಬಿಸಿಯೂಟದ ಅಡುಗೆಯಾಕೆಯೊಬ್ಬಳ ಕಥೆ ಹೇಳುವ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' 2022ರಲ್ಲಿ ಕೊರಿಯದ ಬುಸಾನಿನಲ್ಲಿ ಗೆದ್ದಿತು. ಅದು ಇಲ್ಲಿ ತೆರೆಗೆ ಬರುವಾಗ 2024ರ ಜೂನ್ ಆಗಿತ್ತು. ಕೊರಿಯದವರು ನೋಡಿ ಚಪ್ಪಾಳೆ ತಟ್ಟಿದ ಮೇಲೆ ಒಂದೂವರೆ ವರ್ಷ ಕಳೆದು ಕೊಪ್ಪಳದವರು ನೋಡಬೇಕಾಯಿತು. ಮಂಜೇಶ್ವರದವರು, ಬದಿಯಡ್ಕದವರು ಯಾವಾಗ ನೋಡುವುದು?

ಕೇರಳ ಸರಕಾರ ಒಂದು ಕೆಲಸ ಮಾಡಿದೆ. 2024ರ ಮಾರ್ಚ್ 7ರಂದು 'ಸಿ ಸ್ಪೇಸ್' ಎಂಬ ಸರಕಾರಿ ವೇದಿಕೆ ಆರಂಭಿಸಿತು. ಮೊದಲಿಗೆ 42 ಚಿತ್ರಗಳು. ಒಂದು ಕಥಾಚಿತ್ರ ನೋಡಲು 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕನಿಗೆ ಎಂಬ ಕ್ರಮ. ತಿಂಗಳ ಚಂದಾ ಅಲ್ಲ, ನೋಡಿದಷ್ಟಕ್ಕೆ ದುಡ್ಡು. ಕರ್ನಾಟಕ ಸರಕಾರವೂ 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಇಂಥದೇ ವೇದಿಕೆಯ ಮಾತು ಎತ್ತಿತು. ನಮ್ಮ ಅಭಿಪ್ರಾಯದಲ್ಲಿ ನಾವು ಎರಡು ಕಡೆಗೂ ಅರ್ಜಿ ಹಾಕಬೇಕು. ಕೇರಳದ ಬೊಕ್ಕಸಕ್ಕೆ ನಮ್ಮ ತೆರಿಗೆಯೂ ಹೋಗುತ್ತದೆ. ಆ ವೇದಿಕೆಯ ಕಪಾಟಿನಲ್ಲಿ ಕನ್ನಡಕ್ಕೆ ಒಂದು ಗೂಡು ಕೇಳಿದರೆ ಅತಿಯಾಸೆಯಾಗದು.

ನಾವು ಮಾಡಿ ನೋಡಿದ್ದು

ಕಳೆದ ಮಳೆಗಾಲದಲ್ಲಿ ನಾವು ಆರು ಮಂದಿ ಸೇರಿ ಒಂದು ಪ್ರಯೋಗ ಮಾಡಿದೆವು. ಒಬ್ಬ ಯುವ ನಿರ್ದೇಶಕರ ಕನ್ನಡ ಚಿತ್ರ. ಮಾರಾಟದ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಹೆಸರು ಬೇಡವೆಂದಿದ್ದಾರೆ. ಸೆನ್ಸಾರ್ ಪ್ರಮಾಣಪತ್ರ ಇತ್ತು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮನೆಯಲ್ಲಿ ನೋಡಲೆಂದು ನಾವು ಚಂದಾ ಕಟ್ಟಿದ ವೇದಿಕೆಯ ಚಿತ್ರವನ್ನು ಸಭಾಭವನದಲ್ಲಿ ಹಾಕಿ ತೋರಿಸಲು ನಮಗೆ ಹಕ್ಕಿಲ್ಲ. ಸಾರ್ವಜನಿಕವಾಗಿ ತೋರಿಸಬೇಕಾದರೆ ಪ್ರಮಾಣಪತ್ರವೂ ಬೇಕು, ಹಕ್ಕುದಾರರ ಲಿಖಿತ ಒಪ್ಪಿಗೆಯೂ ಬೇಕು. ಒಪ್ಪಿಗೆ ಕೇಳುವುದು ಕಷ್ಟವೇನಲ್ಲ. ನಾವು ಒಂದು ಪತ್ರ ಬರೆದೆವು, ಮರುದಿನವೇ ಉತ್ತರ ಬಂತು. ಕಾಸರಗೋಡಿನಿಂದ ಯಾರೂ ಈ ವರೆಗೆ ಕೇಳಿರಲಿಲ್ಲವಂತೆ.

ಶಾಲೆಯೊಂದರ ಸಭಾಭವನ, ಎರವಲು ಪ್ರೊಜೆಕ್ಟರು, ಪರದೆಗೆ ಎರಡು ಬಿಳಿ ಮುಂಡು ಹೊಲಿಸಿದ್ದು. ಟಿಕೆಟು ಇಲ್ಲ, ಬಾಗಿಲ ಬಳಿ ಒಂದು ಡಬ್ಬಿ. ನಿರ್ದೇಶಕರು ಕೊಟ್ಟ ಲಿಂಕಿನಿಂದಲೇ ನೇರವಾಗಿ ತೋರಿಸಬಹುದೆಂದು ನಮ್ಮ ಧೈರ್ಯ. ಮಧ್ಯಂತರದ ಸ್ವಲ್ಪ ಮೊದಲು ಗುಡುಗಿಗೆ ನೆಟ್‌ವರ್ಕು ಹೋಯಿತು. ಪರದೆಯ ಮೇಲೆ ಒಂದು ಚಕ್ರ ಮಾತ್ರ ತಿರುಗುತ್ತಿತ್ತು. ಹಿಂದೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿದ್ದರು. "ಮಾಷ್ಟ್ರೇ, ರೀಲು ತುಂಡಾದರೆ ನಾನು ಅಂಟಿಸಿ ಕೊಡ್ತಿದ್ದೆ. ಇದನ್ನು ಎಲ್ಲಿ ಹಿಡಿದು ಅಂಟಿಸುವುದು?" ಎಂದು ಕೇಳಿದಾಗ ಇಡೀ ಸಭೆ ನಕ್ಕಿತು. ಮುಕ್ಕಾಲು ಗಂಟೆ ಕಾದೆವು. ಎದ್ದು ಹೋದವರು ಕಡಿಮೆ. ಇಂಥ ಪ್ರದರ್ಶನ ಏರ್ಪಡಿಸುವವರಿಗೆ ನಮ್ಮ ಸಲಹೆ: ನಿರ್ದೇಶಕರಿಂದ ಚಿತ್ರದ ಕಡತವನ್ನೇ ಮೊದಲು ತರಿಸಿಕೊಳ್ಳಿ, ಮೋಡವನ್ನು ನಂಬಬೇಡಿ.

ನೋಡಲು ಬಂದವರಲ್ಲಿ ಶಾಲೆಯ ಮಲಯಾಳ ಅಧ್ಯಾಪಿಕೆಯರೂ ಇದ್ದರು. ಅವರಿಗೆ ಇಂಗ್ಲಿಷ್ ಅಡಿಬರಹ ಓದಿ ತಿಳಿದುಕೊಳ್ಳಬೇಕಾಯಿತು. ಆಗ ನಮಗೆ ಹೊಳೆದದ್ದು ಇದು: ಅಡಿಬರಹವೆಂದರೆ ಗಳಿಗೆಯ ಲೆಕ್ಕ ಹಾಕಿದ ಒಂದು ಸಾದಾ ಬರಹದ ಕಡತ. ಅದನ್ನು ಮಲಯಾಳಕ್ಕೆ ಮಾಡಲು ನಮ್ಮ ಜಿಲ್ಲೆಯ ಮಕ್ಕಳಿಗಿಂತ ಯೋಗ್ಯರು ಬೇರೆಲ್ಲಿ ಸಿಕ್ಕಾರು? ಮನೆಯಲ್ಲಿ ಕನ್ನಡ ಅಥವಾ ತುಳು, ಬಸ್ಸಿನಲ್ಲಿ ಮಲಯಾಳ. ಈ ವಿಷಯ ನಿರ್ದೇಶಕರಿಗೆ ಹೇಳಿದಾಗ ಅವರು ಫೋನಿನಲ್ಲಿಯೇ ಕುಣಿದಂತಾಯಿತು. ಮಲಯಾಳ ಅಡಿಬರಹವಿದ್ದರೆ ಕೇರಳದ ಫಿಲ್ಮ್ ಸೊಸೈಟಿಗಳ ಬಾಗಿಲನ್ನೂ ತಟ್ಟಬಹುದು. ಇಬ್ಬರು ಕಾಲೇಜು ವಿದ್ಯಾರ್ಥಿನಿಯರು ಈಗ ಆ ಕೆಲಸಕ್ಕೆ ಕೂತಿದ್ದಾರೆ.

ಒಂದು ಕಹಿ ಮಾತನ್ನೂ ಬಿಡುವಂತಿಲ್ಲ. ಪ್ರದರ್ಶನದ ಮರುದಿನ ನಮ್ಮದೇ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ: "ದೊಡ್ಡಪ್ಪ, ಆ ಸಿನೆಮಾ ಟೆಲಿಗ್ರಾಮಿನಲ್ಲಿ ಸಿಗ್ತದಾ?" ಕೇಳಿದವನು ಕೆಟ್ಟ ಹುಡುಗನಲ್ಲ. ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ; 149 ರೂಪಾಯಿ ಅವನಿಗೆ ಒಂದು ಹೊತ್ತಿನ ತಿಂಡಿ. 2023ರಲ್ಲಿ ತಿದ್ದುಪಡಿಯಾದ ಸಿನೆಮಾ ಕಾನೂನು ಕಳ್ಳಪ್ರತಿ ಮಾಡಿ ಹರಡುವವರಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳ ವರೆಗಿನ ಸೆರೆ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡ ಹೇಳುತ್ತದೆ. ನಾವು ಅವನಿಗೆ ಕಾನೂನು ಹೇಳಲಿಲ್ಲ. ದೊಡ್ಡ ಚಿತ್ರದ ಕಳ್ಳಪ್ರತಿ ಸಾಗರದಿಂದ ಒಂದು ಬಿಂದಿಗೆ ನೀರು ಎತ್ತಿದಂತೆ. ಸಣ್ಣ ಚಿತ್ರದ್ದು ಬಾವಿಗೆ ಪಂಪು ಇಟ್ಟಂತೆ ಎಂದಷ್ಟೇ ಬರೆದೆವು. ಅವನಿಂದ ಉತ್ತರ ಬರಲಿಲ್ಲ. ಗುಂಪಿನಲ್ಲಿ ಮೂರು ಮಂದಿ ಕೈಮುಗಿದ ಚಿತ್ರ ಹಾಕಿದರು, ಅದರ ಅರ್ಥ ಇಂದಿಗೂ ನಮಗೆ ತಿಳಿದಿಲ್ಲ.

ಆ ದಿನ ನೋಡಿದವರು 71 ಮಂದಿ. ಡಬ್ಬಿಯಲ್ಲಿ 6,340 ರೂಪಾಯಿ ಇತ್ತು. ಕರೆಂಟು, ಚಾ ಖರ್ಚು ನಾವು ಹಾಕಿಕೊಂಡು ಅಷ್ಟನ್ನೂ ಕಳುಹಿಸಿದೆವು. ರಾತ್ರಿ ನಿರ್ದೇಶಕರ ಫೋನು ಬಂತು. ಹಣದ ಬಗ್ಗೆ ಮಾತು ಆಮೇಲೆ, ಮೊದಲು ಕೇಳಿದ್ದು ಎಷ್ಟು ಜನ ಎಂದು. ಸಂಖ್ಯೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಂಗಳೂರಿನ ಮಲ್ಟಿಪ್ಲೆಕ್ಸಿನ ಮೊದಲ ದಿನದ ಆಟದಲ್ಲಿ ಒಂಬತ್ತು ಮಂದಿ ಇದ್ದರು, ಅದರಲ್ಲಿ ನಾಲ್ವರು ನಮ್ಮ ಮನೆಯವರು ಎಂದರು.

ಮುಂದಿನ ಪ್ರದರ್ಶನಕ್ಕೆ ಭಜನಾ ಮಂದಿರದವರು ಸಭಾಂಗಣ ಕೊಡಲು ಒಪ್ಪಿದ್ದಾರೆ. ಪ್ರೊಜೆಕ್ಟರು ಇದೆ, ಚಿತ್ರದ ಕಡತ ಈ ಸಲ ಮೊದಲೇ ಕೈಸೇರಿದೆ. ಮಲಯಾಳ ಅಡಿಬರಹ ಅರ್ಧ ಆಗಿದೆ. ಪರದೆ ಮಾತ್ರ ಸ್ವಲ್ಪ ದೊಡ್ಡದು ಬೇಕು. ಎರಡು ಮುಂಡು ಸಾಲದೆಂದು ಹಿಂದಿನ ಸಾಲಿನವರ ದೂರು.